ಉಪಕಾರ ಮಾಡಿದವನೇ ಒಡೆಯನಾದಾಗ

ಸಣ್ಣ ಪ್ರಕಾಶಕರ ಬಳಿ ಸಂಭಾವನೆಯ ಮಾತೆತ್ತಿದರೆ ಒಂದು ಸಿದ್ಧ ಉತ್ತರ ಸಿಗುತ್ತದೆ. "ನಾವು ವ್ಯಾಪಾರ ಮಾಡುತ್ತಿಲ್ಲ, ಸೇವೆ ಮಾಡುತ್ತಿದ್ದೇವೆ. ನಾವಿಲ್ಲದಿದ್ದರೆ ಇವರ ಪುಸ್ತಕ ಅಚ್ಚು ಹಾಕುವವರು ಯಾರಿದ್ದರು?" ಲೇಖಕ ತಲೆ ತಗ್ಗಿಸುತ್ತಾನೆ. ಮುಖಪುಟದ ಚಿತ್ರ ಬರೆದವನನ್ನಂತೂ ಈ ಮಾತುಕತೆಗೆ ಯಾರೂ ಕರೆದಿರುವುದೇ ಇಲ್ಲ. ಭಯದ ಕತೆ, ಕರಾಳ ಕತೆ ಬರೆಯುವವರ ಪಾಡು ಇನ್ನೂ ಕಷ್ಟ. ದೊಡ್ಡ ಪ್ರಕಾಶಕರಿಗೆ ಅದು ಸಾಹಿತ್ಯವಲ್ಲ, ವಿಮರ್ಶಕರಿಗೆ ಅದು ರೈಲು ನಿಲ್ದಾಣದ ಸರಕು. ಊರಿಗೆಲ್ಲ ಒಂದೇ ಬಾಗಿಲು ತೆರೆದಿರುವಾಗ ಬಾಗಿಲು ಕಾಯುವವನು ಹೇಳಿದ್ದೇ ಕರಾರು. ಇಂಥ ಪ್ರಕಾಶಕರ ಪುಣ್ಯಕಾರ್ಯಕ್ಕೆ ದೊಡ್ಡ ಸಾಕ್ಷಿಯೆಂದು ಕೊಡುವ ಉದಾಹರಣೆ ಅಮೆರಿಕದ ಅರ್ಕಾಮ್ ಹೌಸ್. ಆ ಸಾಕ್ಷಿಯನ್ನೇ ಸ್ವಲ್ಪ ಪಾಟೀಸವಾಲು ಮಾಡೋಣ.

ಎಚ್.ಪಿ. ಲವ್‌ಕ್ರಾಫ್ಟ್ 1890ರಲ್ಲಿ ಪ್ರಾವಿಡೆನ್ಸ್ ನಗರದಲ್ಲಿ ಹುಟ್ಟಿ 1937ರಲ್ಲಿ ಅಲ್ಲೇ ಬಡತನದಲ್ಲಿ ತೀರಿಕೊಂಡ. ಅವನ ಕತೆಗಳು ಬಂದದ್ದು 'ವಿಯರ್ಡ್ ಟೇಲ್ಸ್'ನಂಥ ಅಗ್ಗದ ಕಾಗದದ ಪತ್ರಿಕೆಗಳಲ್ಲಿ. ಬದುಕಿದ್ದಾಗ ಪುಸ್ತಕವೆಂದು ಹೊರಬಂದದ್ದು ಒಂದೇ, 'ದಿ ಶ್ಯಾಡೋ ಓವರ್ ಇನ್ಸ್‌ಮೌತ್'. ಅದನ್ನು ಮಾಡಿದವನೂ ಒಬ್ಬ ಸಣ್ಣ ಪ್ರಕಾಶಕನೇ, ವಿಲಿಯಂ ಕ್ರಾಫರ್ಡ್. 1936ರಲ್ಲಿ ರಟ್ಟು ಕಟ್ಟಿ ಹೊರಬಂದದ್ದು ಸುಮಾರು 200 ಪ್ರತಿ. ಪುಟ ತಿರುಗಿಸಿದಲ್ಲೆಲ್ಲ ಅಚ್ಚಿನ ತಪ್ಪು. ಪಾಪ, ಅವನಿಗಿದ್ದ ಉತ್ಸಾಹಕ್ಕೆ ಕರಡು ತಿದ್ದುವವನೊಬ್ಬನ ಸಂಬಳ ಸೇರಿರಲಿಲ್ಲ.

ಲವ್‌ಕ್ರಾಫ್ಟ್ ಸತ್ತ ಮೇಲೆ ಆಗಸ್ಟ್ ಡರ್ಲೆತ್ ಮತ್ತು ಡೊನಾಲ್ಡ್ ವಾಂಡ್ರೈ ಎಂಬ ಇಬ್ಬರು ಗೆಳೆಯರು ಅವನ ಕತೆಗಳನ್ನು ಹಿಡಿದು ದೊಡ್ಡ ಪ್ರಕಾಶಕರ ಬಳಿ ಹೋದರು. ಯಾರೂ ಒಪ್ಪಲಿಲ್ಲ. 1939ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಸಾಕ್ ಸಿಟಿಯೆಂಬ ಚಿಕ್ಕ ಊರಿನಲ್ಲಿ ತಾವೇ ಪ್ರಕಾಶನ ಆರಂಭಿಸಿದರು. ಲವ್‌ಕ್ರಾಫ್ಟ್ ಕಲ್ಪಿಸಿದ ಊರಿನ ಹೆಸರನ್ನೇ ಅದಕ್ಕಿಟ್ಟರು. ಮನೆ ಕಟ್ಟಲೆಂದು ಬ್ಯಾಂಕಿನಿಂದ ತಂದ ಸಾಲದಲ್ಲಿ ಒಂದು ಪಾಲನ್ನು ಡರ್ಲೆತ್ ಅಚ್ಚಿಗೆ ಸುರಿದ. 'ದಿ ಔಟ್‌ಸೈಡರ್ ಅಂಡ್ ಅದರ್ಸ್' 1268 ಪ್ರತಿ ಅಚ್ಚಾಯಿತು. ಬೆಲೆ 5 ಡಾಲರ್, ಆ ಕಾಲಕ್ಕೆ ದುಬಾರಿ. ಎಲ್ಲ ಪ್ರತಿ ಖರ್ಚಾಗಲು ವರ್ಷಗಳೇ ಹಿಡಿದವು. ರಾಬರ್ಟ್ ಬ್ಲಾಕ್‌ನ ಮೊದಲ ಪುಸ್ತಕ 1945ರಲ್ಲಿ, ರೇ ಬ್ರಾಡ್‌ಬರಿಯ ಮೊದಲ ಪುಸ್ತಕ 'ಡಾರ್ಕ್ ಕಾರ್ನಿವಲ್' 1947ರಲ್ಲಿ ಇದೇ ಮನೆಯಿಂದ ಹೊರಬಂದವು. ಡರ್ಲೆತ್ ತನ್ನ ಇತರ ಬರವಣಿಗೆಯ ಗಳಿಕೆಯನ್ನೂ ಇದಕ್ಕೇ ಹಾಕುತ್ತಿದ್ದ. ಈ ಋಣವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಈ ಕತೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ.

ಲವ್‌ಕ್ರಾಫ್ಟ್ ತನ್ನ ಬರಹಗಳ ಉಸ್ತುವಾರಿಗೆ ಲಿಖಿತವಾಗಿ ನೇಮಿಸಿದ್ದು ಡರ್ಲೆತ್‌ನನ್ನಲ್ಲ. ರಾಬರ್ಟ್ ಬಾರ್ಲೋ ಎಂಬ ಹದಿನೆಂಟರ ಹುಡುಗನನ್ನು. ಲೇಖಕನ ಚಿಕ್ಕಮ್ಮನೂ ಅದನ್ನು ಒಪ್ಪಿ ಪತ್ರ ಮಾಡಿಕೊಟ್ಟಿದ್ದರು. ಬಾರ್ಲೋ ಹಸ್ತಪ್ರತಿಗಳನ್ನು ಬ್ರೌನ್ ವಿಶ್ವವಿದ್ಯಾಲಯದ ಜಾನ್ ಹೇ ಗ್ರಂಥಾಲಯಕ್ಕೆ ಒಪ್ಪಿಸಿದ. ಇಂದು ಅವು ಉಳಿದಿದ್ದರೆ ಅದೇ ಕಾರಣ. ಆದರೆ ಗೆಳೆಯರ ಬಳಗ ಅವನನ್ನೇ ಸತ್ತವನ ಮನೆ ದೋಚಿದವನಂತೆ ಕಂಡಿತು. ಪ್ರಕಾಶಕರು ಅವನನ್ನು ಮೆಲ್ಲಗೆ ಬದಿಗೆ ಸರಿಸಿದರು. ಮುಂದೆ ಆತ ಮೆಕ್ಸಿಕೋದಲ್ಲಿ ನಹುವಾತಲ್ ಭಾಷೆಯ ವಿದ್ವಾಂಸನೆನಿಸಿ 1951ರಲ್ಲಿ, ಮೂವತ್ತೆರಡನೆಯ ವಯಸ್ಸಿನಲ್ಲಿ, ಆತ್ಮಹತ್ಯೆ ಮಾಡಿಕೊಂಡ. ಈ ಎರಡು ಸಂಗತಿಗಳನ್ನು ನಾವು ಕಾರ್ಯಕಾರಣವೆಂದು ಜೋಡಿಸುತ್ತಿಲ್ಲ. ಲೇಖಕನೇ ಬರೆದಿಟ್ಟ ಮಾತಿಗೆ ಬೆಲೆ ಎಷ್ಟಿತ್ತು ಎಂದಷ್ಟೇ ಕೇಳುತ್ತಿದ್ದೇವೆ.

ಡರ್ಲೆತ್ 1971ರಲ್ಲಿ ಸಾಯುವವರೆಗೂ ಲವ್‌ಕ್ರಾಫ್ಟ್ ಕೃತಿಗಳ ಹಕ್ಕು ತಮ್ಮ ಪ್ರಕಾಶನದ್ದೆಂದೇ ಹೇಳಿಕೊಂಡ. ಆ ವಾದಕ್ಕೆ ಗಟ್ಟಿ ದಾಖಲೆಯಿಲ್ಲವೆಂದು ನಂತರದ ಸಂಶೋಧಕರು ತೋರಿಸಿದರು. ಇದಕ್ಕಿಂತ ನಮ್ಮನ್ನು ಕಾಡುವುದು ಇನ್ನೊಂದು ಸಂಗತಿ. ಸತ್ತವನ ಕಡತದಲ್ಲಿದ್ದ ತುಣುಕುಗಳನ್ನು ತೆಗೆದು, ತಾನೇ ಕತೆ ಹೆಣೆದು, ಅದನ್ನು ಇಬ್ಬರ ಜಂಟಿ ಕೃತಿಯೆಂದು ಅಚ್ಚು ಹಾಕಿದ. 1945ರ 'ದಿ ಲರ್ಕರ್ ಅಟ್ ದಿ ಥ್ರೆಶೋಲ್ಡ್' ಸುಮಾರು 50,000 ಪದಗಳ ಕಾದಂಬರಿ. ಅದರಲ್ಲಿ ಲವ್‌ಕ್ರಾಫ್ಟ್‌ನದು ಸುಮಾರು 1200 ಪದ. ಬದುಕಿದ್ದಾಗ ಹೊಟ್ಟೆಗೆ ಸಾಲದಷ್ಟು ದುಡಿದವನನ್ನು ಸತ್ತ ಮೇಲೂ ದುಡಿಸಿಕೊಂಡದ್ದು ಯಾವ ಸೇವೆ?

ಮೂಲ ಪಾಠವಾದರೂ ಸರಿಯಿತ್ತೇ? ಅದೂ ಇಲ್ಲ. ಹಸ್ತಪ್ರತಿಗಳನ್ನು ಎದುರಿಟ್ಟುಕೊಂಡು ಸಾವಿರಾರು ತಪ್ಪುಗಳನ್ನು ಹೆಕ್ಕಿ ತಿದ್ದಿದವರು ನಮ್ಮ ಪುಣೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಎಸ್.ಟಿ. ಜೋಶಿ. ಅವರ ಪರಿಷ್ಕೃತ ಸಂಪುಟಗಳು 1984ರಿಂದ 1986ರ ನಡುವೆ ಅದೇ ಅರ್ಕಾಮ್ ಹೌಸಿನಿಂದ ಬಂದವು. ಡರ್ಲೆತ್‌ನ ಹಕ್ಕಿನ ವಾದವನ್ನು ಕಟುವಾಗಿ ಪ್ರಶ್ನಿಸಿದವರೂ ಇವರೇ.

ಇನ್ನು ಕಲಾವಿದರು. 1939ರ ಆ ಮೊದಲ ಪುಸ್ತಕದ ಹೊದಿಕೆ ವರ್ಜಿಲ್ ಫಿನ್ಲೆಯದು. ಚುಕ್ಕಿ ಚುಕ್ಕಿಯಾಗಿ ಶಾಯಿ ಇಟ್ಟು ಕತ್ತಲೆಯನ್ನು ಮೂಡಿಸುತ್ತಿದ್ದ ಅಪರೂಪದ ಕೈ ಅದು. ಒಂದೊಂದು ಚಿತ್ರಕ್ಕೆ ದಿನಗಟ್ಟಲೆ ಕೂರಬೇಕಾದ ಕೆಲಸ. ಪತ್ರಿಕೆಗಳು ಕೊಡುತ್ತಿದ್ದದ್ದು ಪುಡಿಗಾಸು. 1936ರ ಆ ತಪ್ಪಿನ ಪುಸ್ತಕಕ್ಕೆ ಚಿತ್ರ ಬರೆದ ಫ್ರಾಂಕ್ ಉಟ್ಪಾಟೆಲ್ ಮುಂದೆ ಅರ್ಕಾಮ್ ಹೌಸಿಗೂ ಅನೇಕ ಹೊದಿಕೆಗಳನ್ನು ಮಾಡಿಕೊಟ್ಟ. ಆ ಪುಸ್ತಕಗಳನ್ನು ಇಂದು ಸಂಗ್ರಾಹಕರು ಭಾರೀ ಬೆಲೆ ಕೊಟ್ಟು ಕೊಳ್ಳುತ್ತಾರೆ, ಹೊದಿಕೆ ಹರಿದಿದ್ದರೆ ಬೆಲೆ ಕುಸಿಯುತ್ತದೆ. ಅಂದರೆ ಆ ಬೆಲೆಯಲ್ಲಿ ಚಿತ್ರಕಾರನ ಪಾಲು ಎಷ್ಟೆಂದು ಮಾರುಕಟ್ಟೆಗೆ ಚೆನ್ನಾಗಿ ಗೊತ್ತು. ಆದರೆ ಆ ಹಣದಲ್ಲಿ ಒಂದು ಕಾಸೂ ಅವನ ಮನೆಗೆ ಹೋಗುವುದಿಲ್ಲ.

ಓದುಗರು ಕೇಳಬಹುದು, ಈ ಲವ್‌ಕ್ರಾಫ್ಟ್‌ನ ಪರವಾಗಿ ನಮಗೇಕೆ ಇಷ್ಟು ಕಳವಳ? ಆತ ಕಪ್ಪು ಜನರನ್ನು, ವಲಸಿಗರನ್ನು ಹೀನಾಯವಾಗಿ ಕಂಡವನು. ಅವನ ಕಲ್ಪನೆಯ ಶಾಪಗ್ರಸ್ತ ಗ್ರಂಥವನ್ನು ಬರೆದವನು ಒಬ್ಬ 'ಹುಚ್ಚು ಅರಬ', ಹೆಸರು ಅಬ್ದುಲ್ ಅಲ್‌ಹಜ್ರೆಡ್. ಅರಬಿ ಬಲ್ಲವರಿಗೆ ಆ ಹೆಸರೇ ನಗು ತರಿಸುತ್ತದೆ. 'ಅಬ್ದುಲ್'ನಲ್ಲೇ 'ಅಲ್' ಇರುವಾಗ ಮತ್ತೊಂದು 'ಅಲ್' ಎಲ್ಲಿಂದ ಬಂತು! ಐದರ ಪ್ರಾಯದಲ್ಲಿ ಅರೇಬಿಯನ್ ನೈಟ್ಸ್ ಓದಿ ಮರುಳಾಗಿದ್ದ ಹುಡುಗ ಆಟಕ್ಕೆ ಇಟ್ಟುಕೊಂಡ ಹೆಸರಂತೆ ಅದು. ಆ ಪ್ರೀತಿ ಬೆಳೆದು ಹುಚ್ಚು ಅರಬನಾದದ್ದು ಬೇರೆಯೇ ಒಂದು ಲೇಖನದ ವಸ್ತು. ಅವನ ಮುಖದ ಪ್ರತಿಮೆಯನ್ನು ಪ್ರಶಸ್ತಿಯಾಗಿ ಕೊಡುತ್ತಿದ್ದ ವರ್ಲ್ಡ್ ಫ್ಯಾಂಟಸಿ ಸಂಸ್ಥೆ, ಲೇಖಕರ ಪ್ರತಿಭಟನೆಯ ನಂತರ 2015ರಲ್ಲಿ ಅದನ್ನು ಕೈಬಿಟ್ಟಿತು. ಅದು ಸರಿಯಾಗಿಯೇ ಆಯಿತು. ಆದರೆ ಯಾರ ಮೇಲಿನ ಅಸಮಾಧಾನವೂ ನ್ಯಾಯ ತಪ್ಪಲು ನೆಪವಾಗಬಾರದೆಂದು ಕಲಿತವರು ನಾವು. ಅವನ ಮಾತು ಕೆಟ್ಟದ್ದಿರಬಹುದು, ಅವನ ದುಡಿಮೆಯ ಹಕ್ಕು ಅವನದೇ.

ಡರ್ಲೆತ್ ಕಳ್ಳನಾಗಿರಲಿಲ್ಲ, ಭಕ್ತನಾಗಿದ್ದ. ತೊಂದರೆ ಇರುವುದೇ ಅಲ್ಲಿ. ಕಳ್ಳನಿಗೆ ತಾನು ತೆಗೆದದ್ದು ಪರರ ಸೊತ್ತೆಂಬ ಅರಿವಾದರೂ ಇರುತ್ತದೆ. ಭಕ್ತನಿಗೆ ಅದೂ ಇರುವುದಿಲ್ಲ. ನಮ್ಮ ಕನ್ನಡದ ಸಣ್ಣ ಪ್ರಕಾಶನಗಳೂ ಪತ್ರಿಕೆಗಳೂ ಇದೇ ಭಕ್ತಿಯ ಮೇಲೆ ನಡೆಯುತ್ತಿವೆ. ಗ್ರಂಥಾಲಯ ಇಲಾಖೆಯ ಬಿಲ್ಲು ಬರಲು ವರ್ಷಗಳಾಗುತ್ತವೆ, ಕಾಗದದ ಬೆಲೆ ಏರುತ್ತದೆ, ಎಲ್ಲವೂ ನಿಜ. ಹಾಗೆಂದು ಮುದ್ರಣಾಲಯದವರಿಗೆ ಗೌರವ ಪ್ರತಿ ಕೊಟ್ಟು ಕಳಿಸಿದ ಪ್ರಕಾಶಕನನ್ನು ನಾವು ಕಂಡಿಲ್ಲ. ಲೇಖಕನಿಗೆ ಮಾತ್ರ ಹತ್ತು ಪ್ರತಿ, ಚಿತ್ರಕಾರನಿಗೆ ಎರಡು.

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ, ಬರಹದಲ್ಲಿ ಇಲ್ಲದ, ಲೇಖಕನ ಸಹಿಯಿಲ್ಲದ ಹಕ್ಕಿನ ವರ್ಗಾವಣೆಗೆ ಮಾನ್ಯತೆಯೇ ಇಲ್ಲ. ಅವಧಿ ನಮೂದಿಸದಿದ್ದರೆ ಅದು ಐದು ವರ್ಷಕ್ಕೆ ಮುಗಿಯುತ್ತದೆ. "ಎಲ್ಲ ಹಕ್ಕುಗಳು ಪ್ರಕಾಶಕರದು" ಎಂದು ಎರಡನೇ ಪುಟದಲ್ಲಿ ಅಚ್ಚು ಹಾಕಿದ ಮಾತ್ರಕ್ಕೆ ಏನೂ ಕೈಗೆ ಬರುವುದಿಲ್ಲ. ಸಾರಾ ಅಬೂಬಕ್ಕರ್ 1994ರಲ್ಲಿ ಚಂದ್ರಗಿರಿ ಪ್ರಕಾಶನವೆಂದು ತಮ್ಮದೇ ಸಂಸ್ಥೆ ಕಟ್ಟಿಕೊಂಡರು. ತಮ್ಮ ಕಾದಂಬರಿಯನ್ನು ಅನುಮತಿಯಿಲ್ಲದೆ ಚಲನಚಿತ್ರ ಮಾಡಿದ್ದಾರೆಂದು ಅವರು ನ್ಯಾಯಾಲಯಕ್ಕೂ ಹೋದರು. ನಮ್ಮಲ್ಲಿ ಎಷ್ಟು ಲೇಖಕರಿಗೆ ಅಷ್ಟು ಗಟ್ಟಿತನವಿದೆ?

ನಮಗಾದರೂ ಕಾಯ್ದೆ ಓದಬೇಕಾದ ಅಗತ್ಯವಿರಲಿಲ್ಲ. ಕುರ್‌ಆನಿನ ಅತಿ ದೀರ್ಘ ವಚನ, ಅಲ್ ಬಖರದ 282, ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆಯೇ ಇದೆ. ಕೂಲಿಯವನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿ(ಸ)ಯವರ ಬೋಧನೆಯನ್ನು ನಮ್ಮಂಥ ಪತ್ರಿಕೆಗಳು ಎಷ್ಟು ಬಾರಿ ಅಚ್ಚು ಹಾಕಿಲ್ಲ! ಅದರ ಪಕ್ಕದಲ್ಲಿದ್ದ ರೇಖಾಚಿತ್ರ ಬರೆದವನಿಗೆ ನಾವು ಏನು ಕೊಟ್ಟೆವು?

ಈ ಪ್ರಶ್ನೆ ಕೇಳಿಕೊಂಡು ನಮ್ಮ ಕಡತಗಳನ್ನು ತೆರೆದೆವು. ಮುದ್ರಕರ ರಸೀದಿಗಳಿವೆ, ಅಂಚೆಯ ಲೆಕ್ಕವಿದೆ. ಚಿತ್ರಕಾರರ ಜೊತೆ ಮಾಡಿಕೊಂಡ ಪತ್ರ ಒಂದೂ ಇಲ್ಲ. ಮುಂದಿನ ಸಂಚಿಕೆಯಿಂದ ಕತೆ ಕಳಿಸುವವರಿಗೂ ಚಿತ್ರ ಬರೆಯುವವರಿಗೂ ಒಂದು ಪುಟದ ಕರಾರುಪತ್ರ ಹೋಗುತ್ತದೆ. ಒಂದು ಬಾರಿಯ ಮುದ್ರಣಕ್ಕಷ್ಟೇ ಅನುಮತಿ, ಉಳಿದ ಹಕ್ಕೆಲ್ಲ ಅವರದು. ಮೊತ್ತ ಚಿಕ್ಕದು. ಹೇಳಲು ನಮಗೆ ನಾಚಿಕೆಯಿದೆ, ಆದರೂ ಪತ್ರದಲ್ಲಿ ಅದನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದಿರುತ್ತೇವೆ.