ನಗರದ ಕಸಕ್ಕೆ ಹಳ್ಳಿಯೇ ತಿಪ್ಪೆಯೆ?

ಭೂಮಿಯ ತಾಪ ಏರುತ್ತಿದೆ, ನಗರಗಳು ತಮ್ಮ ಇಂಗಾಲದ ಹೊರೆಯನ್ನು ಇಳಿಸಬೇಕು ಎಂಬ ಮಾತು ಈಗ ಮಂತ್ರಿಗಳ ಬಾಯಲ್ಲೂ ಕೇಳಿಬರುತ್ತಿದೆ. ಒಳ್ಳೆಯದೇ. ಆದರೆ ಈ ಉಪದೇಶ ಯಾರಿಗೆ? ಮಿಲ್ಲಿಗೆ ನಡೆದೇ ಹೋಗುವ ಕಾರ್ಮಿಕನಿಗೆ, ಒಂದೇ ದೀಪದ ಕೆಳಗೆ ತಕ್ಕಡಿ ಹಿಡಿದು ಕೂತ ಅಂಗಡಿಕಾರನಿಗೆ! ಇವರು ಇನ್ನೇನನ್ನು ಇಳಿಸಬೇಕೋ ನಮಗೆ ತಿಳಿಯದು. ಹಾಗೆಂದು ವಿಷಯವನ್ನು ನಗೆಯಾಡಿ ಬಿಡುವಂತಿಲ್ಲ. ಬಿಸಿಲು ಏರಿದಾಗ ಮೊದಲು ಬೇಯುವವರು ತಗಡಿನ ಸೂರಿನವರೇ. ಜನರು ಒಟ್ಟಾಗಿ ಕೈಹಾಕಿದರೆ ಇಂದೇ ಆಗುವಂಥ ಕೆಲಸವೊಂದಿದೆ. ಅದು ಕಸದ ಕೆಲಸ.

ಕಸಕ್ಕೂ ತಾಪಕ್ಕೂ ಏನು ಸಂಬಂಧವೆಂದು ಕೇಳುವಿರಿ. ನಮ್ಮ ನಗರಗಳ ಕಸದಲ್ಲಿ ಸುಮಾರು ಅರ್ಧಭಾಗ ಹಸಿ ಕಸ: ತರಕಾರಿ ಸಿಪ್ಪೆ, ಎಂಜಲೆಲೆ, ಮಿಕ್ಕ ಅನ್ನ. ಗಾಳಿಯಾಡುವಂತೆ ಮಗುಚುತ್ತ ಕೊಳೆಸಿದರೆ ಅದು ಗೊಬ್ಬರ. ಅದನ್ನೇ ಪ್ಲಾಸ್ಟಿಕ್ಕಿನೊಡನೆ ಬೆರೆಸಿ ಲಾರಿಗಟ್ಟಲೆ ಗುಡ್ಡ ಹಾಕಿದರೆ ಒಳಗೆ ಗಾಳಿ ಹೋಗದು. ಗಾಳಿಯಿಲ್ಲದೆ ಕೊಳೆತದ್ದು ಮೀಥೇನ್ ಎಂಬ ಅನಿಲವನ್ನು ಉಗುಳುತ್ತದೆ. 20 ವರ್ಷಗಳ ಲೆಕ್ಕ ಹಿಡಿದರೆ ಒಂದು ಟನ್ ಮೀಥೇನ್, ಒಂದು ಟನ್ ಇಂಗಾಲದ ಡೈ ಆಕ್ಸೈಡಿಗಿಂತ ಸುಮಾರು 80 ಪಟ್ಟು ಹೆಚ್ಚು ತಾಪವನ್ನು ಹಿಡಿದಿಡುತ್ತದೆ. ಅದೇ ಅನಿಲಕ್ಕೆ ಬೆಂಕಿ ತಗುಲಿದರೆ ರಾಶಿ ದಿನಗಟ್ಟಲೆ ಹೊಗೆಯಾಡುತ್ತದೆ. ಲಾರಿ ಕುಡಿಯುವ ಡೀಸೆಲ್ಲಿನ ಲೆಕ್ಕ ಬೇರೆ.

ಆ ಹೊಗೆ, ಆ ನಾತ ಯಾರ ಪಾಲಿಗೆ? ಬೆಂಗಳೂರಿನ ಕಥೆ ನೋಡಿ. 2012ರಲ್ಲಿ ಮಾವಳ್ಳಿಪುರದ ಗುಂಡಿ ಮುಚ್ಚಿದಾಗ ರಾಜಧಾನಿಯ ಬೀದಿಬೀದಿಗಳಲ್ಲಿ ಕಸ ಕೊಳೆಯಿತು. ಹೊರೆಯೆಲ್ಲ ಮಂಡೂರಿನ ತಲೆಗೆ ಬಂತು. ನೀರು ಕೆಟ್ಟಿತು, ನೊಣ ಮುತ್ತಿತು. ಮಂಡೂರಿನ ಜನ ರಸ್ತೆಗಿಳಿದರು, ಲಾರಿಗಳನ್ನು ತಡೆದರು, ಪೋಲೀಸರ ಕಾವಲನ್ನೂ ಕಂಡರು. ಕೊನೆಗೆ 2014ರಲ್ಲಿ ಸರಕಾರ ಗಡುವು ಒಪ್ಪಿತು, ಆ ವರ್ಷದ ಕೊನೆಗೆ ಸುರಿಯುವುದು ನಿಂತಿತು. ಅವರ ಹೋರಾಟಕ್ಕೆ ನಮ್ಮ ವಂದನೆ. ಆದರೆ ಕಸ ಎಲ್ಲಿ ಹೋಯಿತು? ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಗಳ ಕಲ್ಲುಗಣಿಗಳಿಗೆ! ಒಂದು ಹಳ್ಳಿಯ ಕೊರಳಿನ ಕಲ್ಲನ್ನು ಬಿಚ್ಚಿ ಇನ್ನೊಂದರ ಕೊರಳಿಗೆ ಕಟ್ಟಿದ್ದನ್ನು ಪರಿಹಾರವೆಂದು ನಾವು ಒಪ್ಪೆವು.

ಕಸವನ್ನು ಮನೆಯಲ್ಲೇ ಬೇರ್ಪಡಿಸಿ, ಹಸಿಯದನ್ನು ವಾರ್ಡಿನಲ್ಲೇ ಗೊಬ್ಬರ ಮಾಡುವುದೊಂದೇ ಇದಕ್ಕೆ ಮದ್ದು. ಬೆಂಗಳೂರಿನ ಮನೆಗಳು ಎರಡು ಬುಟ್ಟಿ, ಒಂದು ಚೀಲ ಇಟ್ಟು ಬೇರ್ಪಡಿಸಬೇಕೆಂದು 2015ರ ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯವೇ ಹೇಳಿತು. ಆದರೆ ಗೃಹಿಣಿ ಬೇರ್ಪಡಿಸಿ ಕೊಟ್ಟದ್ದನ್ನು ಗುತ್ತಿಗೆದಾರನ ಲಾರಿ ಮತ್ತೆ ಒಂದಾಗಿ ಬೆರೆಸಿದರೆ? ತೂಕಕ್ಕೆ ತಕ್ಕ ಹಣ ಪಡೆಯುವವನಿಗೆ ಕಸ ಹೆಚ್ಚಿದಷ್ಟೂ ಹಬ್ಬ. ಆತನಿಂದ ಉಳಿತಾಯವನ್ನು ನಿರೀಕ್ಷಿಸುವುದು ಹೆಂಡದಂಗಡಿಯವನಿಂದ ಪಾನನಿರೋಧದ ಭಾಷಣ ಕೇಳಿದಂತೆ.

ಪುಣೆಯಲ್ಲಿ ಬೇರೆ ದಾರಿ ಹಿಡಿದರು. ಅಲ್ಲಿ ಚಿಂದಿ ಆಯುವವರು 1993ರಲ್ಲಿ ತಮ್ಮದೇ ಸಂಘ ಕಟ್ಟಿದರು. ಅವರಲ್ಲಿ ಹೆಚ್ಚಿನವರು ದಲಿತ ಹೆಂಗಸರು. ಹಮಾಲರ ಪಂಚಾಯತಿ ಕಟ್ಟಿದ ಸಮಾಜವಾದಿ ಬಾಬಾ ಆಢಾವರು ಅವರ ಬೆನ್ನಿಗಿದ್ದರು. ಆ ಸಂಘದಿಂದ ಹುಟ್ಟಿದ ‘ಸ್ವಚ್ಛ್’ ಸಹಕಾರ ಸಂಸ್ಥೆ 2008ರಲ್ಲಿ ನಗರಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡಿತು. 3,000ಕ್ಕೂ ಹೆಚ್ಚು ಸದಸ್ಯರು ಮನೆಮನೆಯಿಂದ ಕಸ ತರುತ್ತಾರೆ. ಮನೆಯವರು ತಿಂಗಳ ಶುಲ್ಕವನ್ನು ಅವರ ಕೈಗೇ ಕೊಡುತ್ತಾರೆ. ಕಾಗದ, ಡಬ್ಬ, ಗಾಜು ಮಾರಿದ ಹಣವೂ ಅವರದೇ. ರಾಶಿಗೆ ಹೋಗುವ ಕಸ ಕಡಿಮೆಯಾದರೆ ಅವರಿಗೆ ಲಾಭ. ಗುತ್ತಿಗೆದಾರನ ಲೆಕ್ಕವನ್ನು ತಲೆಕೆಳಗು ಮಾಡಿದ್ದೆಂದರೆ ಇದೇ. ಅಲ್ಲಿಯೂ ಒಪ್ಪಂದದ ಅವಧಿ ಮುಗಿದಾಗ ಮುಂದೇನೆಂಬ ಅಳುಕು ತಪ್ಪಿಲ್ಲ, ಅದು ಬೇರೆ ಮಾತು. ಸಂಘಟನೆ ಇದ್ದುದರಿಂದ ಅವರು ಉಳಿದರು.

ನಮ್ಮ ಊರಿನಲ್ಲಿ ಇದನ್ನು ಎಲ್ಲಿಂದ ಆರಂಭಿಸಬೇಕು? ಸಂತೆಯ ಮೂಲೆಯಲ್ಲಿ ಸೊಪ್ಪು ಮಾರುವವಳಿಗೆ ದಂಡ ಹಾಕುವುದರಿಂದಲ್ಲ. ದೊಡ್ಡ ಹೋಟೆಲು, ಕಲ್ಯಾಣ ಮಂಟಪ, ಸಗಟು ತರಕಾರಿ ಮಾರುಕಟ್ಟೆಗಳಿಂದ. ಹೋಟೆಲುಗಳು ತಮ್ಮ ಹಸಿ ಕಸವನ್ನು ಸಾಧ್ಯವಾದಷ್ಟೂ ತಮ್ಮ ಆವರಣದಲ್ಲೇ ಗೊಬ್ಬರ ಮಾಡಬೇಕೆಂದು 2016ರ ಕೇಂದ್ರ ನಿಯಮಗಳೇ ಹೇಳಿದ್ದವು. ಎಷ್ಟು ಹೋಟೆಲುಗಳು ಮಾಡುತ್ತಿವೆ, ಮಾಡದವರಿಗೆ ಎಷ್ಟು ದಂಡ ಬಿದ್ದಿದೆ, ಕಸದ ಗುತ್ತಿಗೆಗೆ ವರ್ಷಕ್ಕೆ ಕೊಡುವ ಹಣವೆಷ್ಟು? ಮಿಲ್ಲಿನ ಸಂಘವೂ ವರ್ತಕರ ಸಂಘವೂ ಕೂಡಿ ಈ ಮೂರು ಪ್ರಶ್ನೆಗಳನ್ನು ನಗರಸಭೆಯ ಮುಂದೆ ಲಿಖಿತವಾಗಿ ಇಡಲಿ. ಉತ್ತರವೂ ಬರವಣಿಗೆಯಲ್ಲೇ ಬರಲಿ. ಬಜೆಟ್ಟಿನ ಸಭೆಗೆ ಮುಂಚೆಯೇ ಬರಲಿ.