ಹೊಸ ಕಾರ್ಖಾನೆಯೂ ಹಳೆಯ ಉಪಕರಣವೂ

ಸ್ವತಂತ್ರ ಭಾರತದಲ್ಲಿ ಹೊಸ ಕೈಗಾರಿಕೆಗಳು ತಲೆಯೆತ್ತಲೆಂಬ ಅಭಿಲಾಷೆಯಿಂದ, 1922ರ ಆದಾಯ ತೆರಿಗೆ ಅಧಿನಿಯಮಕ್ಕೆ 1949ರಲ್ಲಿ 15ಸಿ ಎಂಬ ಕಲಮನ್ನು ಸೇರಿಸಿ, ತೊಡಗಿಸಿದ ಬಂಡವಾಳದ ಶೇಕಡ 6ರಷ್ಟು ಲಾಭಕ್ಕೆ ತೆರಿಗೆಯಿಲ್ಲವೆಂದು ಶಾಸಕಾಂಗವು ಅಭಯವಿತ್ತಿತು. ಅದರೊಡನೆ ಒಂದು ನಿರ್ಬಂಧವೂ ಇದ್ದಿತು: ಆ ಉದ್ಯಮವು ಹಳೆಯ ವ್ಯವಹಾರವನ್ನು ಒಡೆದೋ ಪುನಾರಚಿಸಿಯೋ, ಅನ್ಯ ವ್ಯವಹಾರದಲ್ಲಿ ಬಳಸಿದ ಕಟ್ಟಡ, ಯಂತ್ರ, ಸ್ಥಾವರಗಳನ್ನು ವರ್ಗಾಯಿಸಿಯೋ ರೂಪುಗೊಂಡದ್ದಾಗಿರಕೂಡದು. ಹಳೆಯ ಅಂಗಡಿಗೆ ಹೊಸ ಫಲಕ ತೂಗಹಾಕಿ ರಿಯಾಯಿತಿ ಬೇಡುವವರನ್ನು ತಡೆಯಲು ಈ ನಿರ್ಬಂಧ ಅವಶ್ಯವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ; ಆದರೆ ಅದನ್ನು ಎಷ್ಟು ದೂರ ಎಳೆಯಬಹುದೆಂಬುದೇ ಮುಂದೆ ದಶಕಗಳ ಕಾಲ ವ್ಯಾಜ್ಯದ ವಸ್ತುವಾಯಿತು.

ಟೆಕ್ಸ್‌ಟೈಲ್ ಮೆಷಿನರಿ ಕಾರ್ಪೊರೇಷನ್ನಿನ ಪ್ರಕರಣದಲ್ಲಿ, ಕಂಪನಿಯು ತಾನೇ ಸ್ಥಾಪಿಸಿದ ಉಕ್ಕಿನ ಎರಕದ ವಿಭಾಗದ ಸರಕನ್ನು ತನ್ನ ಹಳೆಯ ವಿಭಾಗಕ್ಕೆ ಬಳಸಿಕೊಂಡಿತೆಂಬ ಮಾತ್ರಕ್ಕೆ ಅದು ಪುನಾರಚನೆಯಾಗದೆಂದು ಸರ್ವೋಚ್ಚ ನ್ಯಾಯಾಲಯವು 1977ರಲ್ಲಿ ಹೇಳಿತು.

ಬಜಾಜ್ ಟೆಂಪೋ ಕಂಪನಿಯ ಸಂಗತಿ ಇನ್ನೂ ವಿಚಾರಾರ್ಹವಾದುದು. ಆ ಕಂಪನಿಯು ಹಳೆಯ ಕಟ್ಟಡವೊಂದನ್ನು ಗುತ್ತಿಗೆಗೆ ಪಡೆದಿತ್ತು. ಕಂಪನಿಗೆ ವರ್ಗವಾಗಿ ಬಂದ ಬಳಸಿದ ಉಪಕರಣಗಳ ಬೆಲೆ ಕೇವಲ 3,500 ರೂಪಾಯಿ. ಇಷ್ಟರಿಂದಲೇ ರಿಯಾಯಿತಿ ತಪ್ಪುವುದೆಂದಾದರೆ, ಶಾಸನವು ಒಂದು ಕೈಯಿಂದ ಕೊಟ್ಟದ್ದನ್ನು ವ್ಯಾಖ್ಯಾನವು ಇನ್ನೊಂದು ಕೈಯಿಂದ ಕಿತ್ತುಕೊಂಡಂತಾಗುತ್ತಿತ್ತು. 1992ರ ತೀರ್ಪಿನಲ್ಲಿ ನ್ಯಾಯಮೂರ್ತಿ ಆರ್. ಎಂ. ಸಹಾಯ್ ಅವರು ಪ್ರಶ್ನೆಯನ್ನು ಅದರ ಮೂಲಸ್ಥಾನದಲ್ಲಿರಿಸಿದರು: ಹಳೆಯ ವಸ್ತುವೊಂದು ಒಳಹೊಕ್ಕಿತೇ ಎಂಬುದಲ್ಲ, ಆ ವಸ್ತುವಿನಿಂದಲೇ ಉದ್ಯಮವು ರೂಪುಗೊಂಡಿತೇ ಎಂಬುದೇ ಪರೀಕ್ಷೆ. ಅಭಿವೃದ್ಧಿಗಾಗಿ ನೀಡಿದ ರಿಯಾಯಿತಿಯನ್ನು ಉದಾರವಾಗಿ ಓದಬೇಕು. ಅದರ ಮೇಲಿನ ನಿರ್ಬಂಧವನ್ನೂ ಅದೇ ಉದ್ದೇಶವು ಕೈಗೂಡುವಂತೆಯೇ ಅರ್ಥೈಸಬೇಕು. ನನಗೆ ಈ ಎರಡನೆಯ ಮಾತೇ ಹೆಚ್ಚು ಬೆಲೆಯುಳ್ಳದ್ದಾಗಿ ತೋರುತ್ತದೆ. ಏಕೆಂದರೆ ಔದಾರ್ಯವನ್ನು ಮುಖ್ಯವಾಕ್ಯಕ್ಕೆ ಸೀಮಿತಗೊಳಿಸಿ, ಕಾಠಿಣ್ಯವನ್ನೆಲ್ಲ ಷರತ್ತಿಗೆ ಮೀಸಲಿಟ್ಟರೆ, ಅಧಿಕಾರಿಯ ಮೇಜಿನ ಮೇಲೆ ಗೆಲ್ಲುವುದು ಯಾವಾಗಲೂ ಷರತ್ತೇ.

ಆದರೆ 2018ರಲ್ಲಿ ದಿಲೀಪ್ ಕುಮಾರ್ ಪ್ರಕರಣದ ಸಂವಿಧಾನ ಪೀಠವು, ವಿನಾಯಿತಿ ಅಧಿಸೂಚನೆಯನ್ನು ಕಟ್ಟುನಿಟ್ಟಾಗಿ ಓದತಕ್ಕದ್ದೆಂದೂ, ಸಂದಿಗ್ಧತೆಯ ಫಲವು ಸರ್ಕಾರಕ್ಕೆ ಸಲ್ಲತಕ್ಕದ್ದೆಂದೂ ನಿರ್ಣಯಿಸಿತು. ಅದು ಆಮದು ಸುಂಕದ ಅಧಿಸೂಚನೆಯ ಪ್ರಸಂಗ. ಶಾಸಕಾಂಗವೇ ಕೈಗಾರಿಕೆಯ ಬೆಳವಣಿಗೆಗೆಂದು ಕಲಮಿನಲ್ಲಿ ಕೆತ್ತಿದ ರಿಯಾಯಿತಿಗೂ ಅದೇ ಕಾಠಿಣ್ಯವನ್ನು ವಿಚಾರವಿಲ್ಲದೆ ಹೇರುವುದು ಉಚಿತವಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ. ಇಷ್ಟಕ್ಕೂ ಬಜಾಜ್ ಟೆಂಪೋ ತೀರ್ಪು ಹೊರಬೀಳುವ ಎಷ್ಟೋ ಮುನ್ನವೇ, 1961ರ ಆದಾಯ ತೆರಿಗೆ ಅಧಿನಿಯಮದ 80ಜೆ ಕಲಮಿನಲ್ಲಿ, ವರ್ಗವಾದ ಹಳೆಯ ಯಂತ್ರಗಳ ಮೌಲ್ಯವು ಒಟ್ಟು ಯಂತ್ರಸ್ಥಾವರಗಳ ಮೌಲ್ಯದ ಶೇಕಡ 20ನ್ನು ಮೀರದಿದ್ದರೆ ಬಾಧೆಯಿಲ್ಲವೆಂದು ಶಾಸಕಾಂಗವು ತಾನಾಗಿಯೇ ವಿವರಿಸಿದ್ದಿತು.