ಆ ಸಾಲು ಕನ್ನಡದಲ್ಲಿರಲಿ

ಮಾನ್ಯ ಆರೋಗ್ಯ ಸಚಿವರಿಗೆ,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.



1874. ಅಮೆರಿಕದ ಸಿನ್ಸಿನಾಟಿ. ಮೇರಿ ರಾಫರ್ಟಿ ಎಂಬ ಮನೆಗೆಲಸದ ಹೆಣ್ಣುಮಗಳ ತಲೆಯ ಹುಣ್ಣು ಬುರುಡೆಯನ್ನೇ ತಿಂದುಹಾಕಿ ಮಿದುಳು ಕಾಣುತ್ತಿತ್ತು. ಡಾ. ರಾಬರ್ಟ್ಸ್ ಬಾರ್ಥೊಲೊ ಅದಕ್ಕೆ ಸೂಜಿ ಚುಚ್ಚಿ ವಿದ್ಯುತ್ ಹರಿಸಿದರು. ಸಣ್ಣ ಪ್ರವಾಹಕ್ಕೆ ಎದುರು ಬದಿಯ ಕೈಕಾಲು ಸೆಟೆದವು. ಹೆಚ್ಚಿಸಿದಾಗ ಫಿಟ್ಸ್ ಬಂತು, ಬಾಯಲ್ಲಿ ನೊರೆ, ಪ್ರಜ್ಞೆ ಇಲ್ಲ. ಕೆಲವೇ ದಿನಗಳಲ್ಲಿ ಆಕೆ ತೀರಿಕೊಂಡಳು. ರೋಗಿ ಒಪ್ಪಿದ್ದಳು ಎಂದು ವೈದ್ಯರು ಬರೆದರು. ಏನಾಗಬಹುದೆಂದು ತಿಳಿಯದೆ ಕೊಟ್ಟ ಒಪ್ಪಿಗೆ ಅದು.

ಏನಾಗಬಹುದೆಂದು ಈಗ ಗೊತ್ತಿದೆ. ಪ್ರವಾಹ ನಿಲ್ಲಿಸಿದ ಮೇಲೂ ನರಕೋಶಗಳ ಗುಂಪು ಒಟ್ಟಾಗಿ ಮಿಡಿಯುತ್ತಲೇ ಇರಬಹುದು. ಆ ಅಲೆ ಅಕ್ಕಪಕ್ಕಕ್ಕೆ ಹಬ್ಬಿದರೆ ಫಿಟ್ಸ್. 1967ರಲ್ಲಿ ಗ್ರಹಾಂ ಗೊಡಾರ್ಡ್ ಇಲಿಗಳ ಮಿದುಳಿನ ಅಮಿಗ್ಡಲ ಭಾಗಕ್ಕೆ ದಿನಕ್ಕೊಮ್ಮೆ ಸಣ್ಣ ಪ್ರವಾಹ ಕೊಟ್ಟಾಗ ಮೊದಲ ದಿನಗಳಲ್ಲಿ ಏನೂ ಆಗಲಿಲ್ಲ. ದಿನ ಕಳೆದಂತೆ ಅದೇ ಪ್ರವಾಹಕ್ಕೆ ಇಲಿಗಳು ಒದ್ದಾಡತೊಡಗಿದವು. ವಾರಗಟ್ಟಲೆ ಬಿಡುವು ಕೊಟ್ಟರೂ ಮಿದುಳು ಅದನ್ನು ಮರೆಯಲಿಲ್ಲ. ಕಿಡಿಯಿಂದ ಸೌದೆ ಹೊತ್ತಿಕೊಳ್ಳುವಂಥ ಇದಕ್ಕೆ ‘ಕಿಂಡ್ಲಿಂಗ್’ ಎಂಬ ಹೆಸರು ಬಂತು.

ಇದೇ ವಿದ್ಯುತ್ತು ಔಷಧವೂ ಹೌದು. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಅಲಿಮ್ ಲೂಯಿ ಬೆನಾಬಿಡ್ ಮಿದುಳಿನ ಥಲಾಮಸ್ ಭಾಗಕ್ಕೆ ವೇಗದ ಮಿಡಿತಗಳನ್ನು ಕೊಟ್ಟು ಕೈನಡುಕ ನಿಲ್ಲಿಸಿದರು. ಇಂದು ಪಾರ್ಕಿನ್ಸನ್ಸ್ ರೋಗಿಗಳಿಗೆ ಬೆಂಗಳೂರಿನಲ್ಲೂ ಡಿಬಿಎಸ್, ಅಂದರೆ ಯಂತ್ರದಿಂದ ಮಿದುಳಿನ ಆಳಕ್ಕೆ ವಿದ್ಯುತ್ ಕೊಡುವ ಶಸ್ತ್ರಚಿಕಿತ್ಸೆ ನಡೆಯುತ್ತದೆ. ಔಷಧಕ್ಕೆ ಬಗ್ಗದ ಅಪಸ್ಮಾರಕ್ಕೂ 2018ರಲ್ಲಿ ಅಮೆರಿಕ ಇದನ್ನು ಒಪ್ಪಿತು.

ಆ ಒಪ್ಪಿಗೆಗೆ ಆಧಾರವಾದ ಪ್ರಯೋಗದಲ್ಲಿ 110 ರೋಗಿಗಳಿದ್ದರು. ಒಟ್ಟಾರೆ ಫಿಟ್ಸ್ ಕಡಿಮೆಯಾಯಿತು. ಆದರೆ ಒಬ್ಬರಿಗೆ ಯಂತ್ರ ಚಾಲೂ ಮಾಡಿದ ಮೂರೇ ದಿನಗಳಲ್ಲಿ 210 ಸಣ್ಣ ಫಿಟ್ಸ್ ಬಂದವು. 5 ವೋಲ್ಟನ್ನು 4ಕ್ಕೆ ಇಳಿಸಿದಾಗ ನಿಂತವು.

ಒಂದು ವೋಲ್ಟ್!

ಇಂಥದ್ದು ಅಪರೂಪ, ಹೆದರಿ ಚಿಕಿತ್ಸೆ ಬಿಡುವಂಥದ್ದಲ್ಲ. ಆದರೆ ಇಳಿಸಬೇಕೆಂದು ತಿಳಿಯುವುದು ಮನೆಯವರು ಫಿಟ್ಸ್ ಗುರುತಿಸಿ, ಸರಿಯಾದ ವೈದ್ಯರಿಗೆ ಮುಟ್ಟಿಸಿದಾಗಲೇ. ಮನೆಯವರಿಗೆ ತಿಳಿಯುವ ಮಾತಿನ ಬಲಕ್ಕೆ ನಮ್ಮಲ್ಲೇ ಉದಾಹರಣೆಯಿದೆ. ತಲೆಗೆ ಬಿಸಿನೀರು ಸುರಿದುಕೊಂಡಾಗ ಬರುವ ಫಿಟ್ಸ್ ಬಗ್ಗೆ ನಿಮ್ಹಾನ್ಸ್ ವೈದ್ಯರು 1988ರಲ್ಲೇ 279 ರೋಗಿಗಳ ಅಧ್ಯಯನ ಪ್ರಕಟಿಸಿದ್ದರು. ‘ನೀರಿನ ಬಿಸಿ ತಗ್ಗಿಸಿ’ ಎಂಬ ಸಲಹೆ ಬಚ್ಚಲುಮನೆಯ ತನಕ ಹೋಗಬಲ್ಲದ್ದು ಅದು ಮನೆಯ ಮಾತಿನಲ್ಲಿರುವುದರಿಂದಲೇ.

ಆದ್ದರಿಂದ ಈ ಪತ್ರದ ಕೋರಿಕೆ ಎರಡೇ. ಡಿಬಿಎಸ್ ಮಾಡುವ ರಾಜ್ಯದ ಪ್ರತಿ ಆಸ್ಪತ್ರೆಯ ಒಪ್ಪಿಗೆ ಪತ್ರದಲ್ಲಿ, ‘ಈ ಚಿಕಿತ್ಸೆಯಿಂದ ಅಪರೂಪಕ್ಕೆ ಫಿಟ್ಸ್ ಬರಬಹುದು, ಬಂದರೆ ಹೀಗೆ ಮಾಡಿ’ ಎಂಬ ಸಾಲು ಕನ್ನಡದಲ್ಲಿ ಕಡ್ಡಾಯವಾಗಿರಲಿ. ರೋಗಿಯ ಕೈಗೊಂದು ಕಾರ್ಡ್ ಕೊಡಿಸಿ: ಯಂತ್ರದ ಹೆಸರು, ಈಗಿನ ವೋಲ್ಟ್, ರಾತ್ರಿ ಹೊತ್ತಿನಲ್ಲೂ ಸಿಗುವ ಒಂದು ಫೋನ್ ನಂಬರ್. ತಾಲ್ಲೂಕು ಆಸ್ಪತ್ರೆಯ ಡ್ಯೂಟಿ ಡಾಕ್ಟರ್ ಆ ಕಾರ್ಡ್ ನೋಡಿ ಫೋನ್ ಮಾಡುವಂತಾಗಲಿ.


ರಾಜ್ಯದ ಒಬ್ಬ ನಾಗರಿಕ